ಗೆಳತಿಯ ಬಾಗಿಲಲ್ಲಿ

ಮಗಳ ಗೆಳತಿಯನ್ನು ದೂರವಿಡುವ ಮುನ್ನ ತಾಯಂದಿರು ಓದಬೇಕಾದ ಮಕ್ಕಳ ಕಾದಂಬರಿಯೊಂದಿದೆ. 1908ರಲ್ಲಿ ಪ್ರಕಟವಾದ, ಕೆನಡಾದ ಲೇಖಕಿ ಎಲ್. ಎಂ. ಮಾಂಟ್ಗೊಮರಿಯವರ 'ಆ್ಯನ್ ಆಫ್ ಗ್ರೀನ್ ಗೇಬಲ್ಸ್'.

ಹನ್ನೊಂದರ ಅನಾಥೆ ಆ್ಯನ್, ನೆರೆಮನೆಯ ಡಯಾನಾಳನ್ನು ಚಹಾಕ್ಕೆ ಕರೆದು ಶರಬತ್ತೆಂದು ಕೊಟ್ಟದ್ದು ಹಣ್ಣಿನ ಮದ್ಯ! ಬಾಟಲಿಯ ಜಾಗ ತಪ್ಪಾಗಿ ಹೇಳಿದ್ದು ಅವಳನ್ನು ಸಾಕುತ್ತಿದ್ದ ಮರಿಲ್ಲಾ. ಮೂರು ಲೋಟ ಕುಡಿದ ಡಯಾನಾ ತೂರಾಡುತ್ತಾ ಮನೆ ಸೇರಿದಳು. ಅವಳ ತಾಯಿ ಸಿಟ್ಟಾದದ್ದು ಸಹಜ; ನಾವಾದರೂ ಸುಮ್ಮನಿರುತ್ತಿದ್ದೆವೇ? ಆದರೆ ಬಾಗಿಲಿಗೆ ಬಂದು ಬೇಡಿಕೊಂಡ ಹುಡುಗಿಯನ್ನು ಆಕೆ ನಂಬಲಿಲ್ಲ. ಯತೀಮ್ ಮಗುವಲ್ಲವೇ, ಸಂಶಯ ಬೇಗ ಅಂಟಿತು. ಗೆಳೆತನವೇ ನಿಂತಿತು.

ಚಳಿಗಾಲದ ಒಂದು ರಾತ್ರಿ ಹೆತ್ತವರಿಲ್ಲದಾಗ ಡಯಾನಾಳ ಮೂರು ವರ್ಷದ ತಂಗಿಗೆ ಉಸಿರುಗಟ್ಟಿತು. ಅವಳು ಓಡಿದ್ದು ಆ್ಯನ್ ಬಳಿಗೇ. ರಾತ್ರಿಯಿಡೀ ಔಷಧಿ ಕುಡಿಸಿ ಆ್ಯನ್ ಮಗುವನ್ನು ಉಳಿಸಿದಳು. ಡಾಕ್ಟರರೇ ಹಾಗೆಂದ ಮೇಲೆ ಆ ತಾಯಿ ಆ್ಯನ್ ಇದ್ದ ಮನೆಯ ಬಾಗಿಲಿಗೆ ಬಂದಳು.