ಸೀಸದ ಕಡಲ್ಗಳ್ಳರು

ಮೂಲ ಯಾವುದು, ನಕಲು ಯಾವುದು ಎಂಬ ಪ್ರಶ್ನೆ ವಿದ್ವಾಂಸರ ಸೊತ್ತೆಂದು ನಾವೆಲ್ಲರೂ ತಿಳಿದುಕೊಂಡಿದ್ದೇವೆ. ಓಲೆಗರಿಯ ಕಟ್ಟುಗಳನ್ನು ಮುಂದಿಟ್ಟುಕೊಂಡು, ಈ ಪ್ರತಿ ಆ ಪ್ರತಿಯಿಂದ ಹುಟ್ಟಿತೋ, ಎರಡೂ ಮತ್ತೊಂದು ಮಾತೃಕೆಯಿಂದ ಇಳಿದುಬಂದವೋ ಎಂದು ತಲೆ ಕೆಡಿಸಿಕೊಳ್ಳುವುದು ಅವರ ಪಾಡು. ಗೃಹಸ್ಥರಾದ ನಮಗೆ ಅದರ ಗೊಡವೆ ಏತಕ್ಕೆ? ಆದರೆ ಅದೇ ಪ್ರಶ್ನೆ ಒಂದು ಮಕ್ಕಳ ಬೊಂಬೆಯ ರೂಪದಲ್ಲಿ, ಸೊಂಟಕ್ಕೆ ಕಠಾರಿ ಸಿಕ್ಕಿಸಿಕೊಂಡು, ತಲೆಗೆ ಕೆಂಪು ವಸ್ತ್ರ ಬಿಗಿದುಕೊಂಡು ಮೇಜಿನ ಮೇಲೆ ಎದುರು ನಿಂತರೆ ಅದನ್ನು ಕಡೆಗಣಿಸುವುದು ಅಷ್ಟು ಸುಲಭವಲ್ಲ.

ಇಂಗ್ಲೆಂಡಿನಲ್ಲಿ ಬಹುಕಾಲ ವೈದ್ಯವೃತ್ತಿ ನಡೆಸಿ ಊರಿಗೆ ಹಿಂದಿರುಗಿರುವ ಹಿರಿಯರೊಬ್ಬರು ನನಗೆ ಪರಿಚಿತರು. ಅವರ ಗಾಜಿನ ಬೀರುವಿನಲ್ಲಿ ಕಡಲ್ಗಳ್ಳರ ಒಂದು ತಂಡವೇ ಬೀಡುಬಿಟ್ಟಿದೆ. ಕೆಲವರು ಪ್ಲಾಸ್ಟಿಕ್ಕಿನವರು, ಕೆಲವರು ಲೋಹದವರು. ಲೋಹದವರಲ್ಲಿ ಹೆಚ್ಚಿನವರು ಹಳೆಯ ಪ್ಲಾಸ್ಟಿಕ್ ಬೊಂಬೆಗಳಿಂದ ಅಚ್ಚು ತೆಗೆದು ಮತ್ತೆ ಎರಕ ಹೊಯ್ದ ಪ್ರತಿಗಳು. ಪಾಶ್ಚಾತ್ಯ ದೇಶಗಳಲ್ಲಿ ಇಂಥ ಪ್ರತಿಗಳನ್ನು ಕೊಂಡು, ಗುರುತಿಸಿ, ಬಣ್ಣ ಹಚ್ಚುವುದು ಸಾವಿರಾರು ಪ್ರೌಢರ ಬಿಡುವಿನ ವ್ಯವಸಾಯ. ವೈದ್ಯರ ಮೇಜಿನ ಬಳಿ ಕುಳಿತು ನಾನು ಕಂಡುದನ್ನೂ ಕೇಳಿದುದನ್ನೂ ಇಲ್ಲಿ ಹೇಳುತ್ತೇನೆ.

ಮೊದಲು ವಂಶಾವಳಿ. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಎಂಬ ಬೊಂಬೆ ತಯಾರಕನ ಅದೇ ಹೆಸರಿನ ಮಗ ಒಂದು ಉಪಾಯ ಕಂಡುಹಿಡಿದ. ಕಾದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದಾಗ, ಅಚ್ಚಿನ ಗೋಡೆಗೆ ತಾಗಿದ ಪದರ ಮೊದಲು ಗಟ್ಟಿಯಾಗುತ್ತದೆ. ಆ ಕ್ಷಣದಲ್ಲಿ ಅಚ್ಚನ್ನು ಬೋರಲು ಮಾಡಿದರೆ ಒಳಗಿನ ದ್ರವ ಹೊರಗೆ ಸುರಿದುಹೋಗಿ ಟೊಳ್ಳು ಬೊಂಬೆ ಉಳಿಯುತ್ತದೆ. ಲೋಹ ಉಳಿಯಿತು, ಬೆಲೆ ಇಳಿಯಿತು, ಬಡವರ ಮಕ್ಕಳ ಕೈಗೂ ಸೈನಿಕರು ಬಂದರು. ಆತನ ಬೊಂಬೆಗಳ ಎತ್ತರವಾದ 54 ಮಿಲಿಮೀಟರ್ ಈ ಲೋಕದ ಪ್ರಮಾಣವಾಗಿ ನಿಂತುಹೋಯಿತು. ಎರಡನೆಯ ಮಹಾಯುದ್ಧದ ತರುವಾಯ ಪ್ಲಾಸ್ಟಿಕ್ ಬಂದು ಸೀಸವನ್ನು ಹಿಂದಕ್ಕೆ ತಳ್ಳಿತು. ಸೀಸದ ವಿಷದ ಭಯವೂ ಕೂಡಿಕೊಂಡು, ಬ್ರಿಟನ್ನಿನಲ್ಲಿ 1966ರ ಹೊತ್ತಿಗೆ ಟೊಳ್ಳು ಸೀಸದ ಬೊಂಬೆಗಳ ಯುಗ ಮುಗಿಯಿತು. ಅಮೆರಿಕದಲ್ಲಿ ಲೂಯಿ ಮಾರ್ಕ್ಸ್ ಎಂಬಾತ 1919ರಲ್ಲಿ ಸ್ಥಾಪಿಸಿದ ಕಂಪನಿ 1950ರ ದಶಕದಲ್ಲಿ ಜಗತ್ತಿನ ಬೊಂಬೆ ವ್ಯಾಪಾರದ ಚಕ್ರವರ್ತಿಯಾಗಿ ಮೆರೆಯಿತು. 60 ಮಿಲಿಮೀಟರ್ ಎತ್ತರದ ಪ್ಲಾಸ್ಟಿಕ್ ಕಡಲ್ಗಳ್ಳರನ್ನು ಮನೆಮನೆಗೆ ನುಗ್ಗಿಸಿದವರಲ್ಲಿ ಆ ಕಂಪನಿಯೂ ಒಂದು.

ಈ ಬೊಂಬೆಗಳ ವೇಷವಾದರೂ ಎಲ್ಲಿಂದ ಬಂದದ್ದು? ನಿಜವಾದ ಕಡಲ್ಗಳ್ಳರಿಂದ ಬಂದದ್ದು ಕಡಮೆ. ಪುಸ್ತಕಗಳಿಂದ ಬಂದದ್ದೇ ಹೆಚ್ಚು. ಸೊಂಟಕ್ಕೆ ಸುತ್ತಿದ ಬಣ್ಣದ ಪಟ್ಟಿ, ತಲೆಗೆ ಕಟ್ಟಿದ ಚೌಕ, ಕಿವಿಯ ಒಂಟಿ, ಇವುಗಳನ್ನೆಲ್ಲ ಒಂದು ಸಿದ್ಧವೇಷವಾಗಿ ಜನರ ಮನಸ್ಸಿನಲ್ಲಿ ನೆಲೆಗೊಳಿಸಿದವನು ಹೋವರ್ಡ್ ಪೈಲ್ ಎಂಬ ಅಮೆರಿಕದ ಚಿತ್ರಕಾರ. ಆತ 1911ರಲ್ಲಿ ತೀರಿಕೊಂಡ. ಅದೇ ವರ್ಷ ಆತನ ಶಿಷ್ಯ ಎನ್. ಸಿ. ವೈಯತ್, ಸ್ಟೀವನ್‌ಸನ್ನನ ‘ಟ್ರೆಷರ್ ಐಲೆಂಡ್’ ಕಾದಂಬರಿಗೆ ಬರೆದ ಚಿತ್ರಗಳು ಪ್ರಕಟವಾದವು. 1950ರಲ್ಲಿ ಡಿಸ್ನಿ ಸಂಸ್ಥೆ ಅದೇ ಕಥೆಯನ್ನು ಚಲನಚಿತ್ರವಾಗಿ ತೆಗೆದಾಗ ಲಾಂಗ್ ಜಾನ್ ಸಿಲ್ವರನ ಪಾತ್ರದಲ್ಲಿ ರಾಬರ್ಟ್ ನ್ಯೂಟನ್ ಕಣ್ಣುರುಳಿಸಿದ ರೀತಿಯನ್ನು ಒಂದು ತಲೆಮಾರು ಮರೆಯಲಿಲ್ಲ.

ಆದುದರಿಂದ ಬೊಂಬೆಯ ಹೆಸರು ಗುರುತಿಸಲು ಹೊರಟವರು ಮೊದಲು ಕಥೆಯನ್ನು ಬಲ್ಲವರಾಗಿರಬೇಕು. ಕೈಯ ಬದಲು ಕೊಕ್ಕೆಯಿದ್ದರೆ ಅವನು ‘ಪೀಟರ್ ಪ್ಯಾನ್’ ನಾಟಕದ ಕ್ಯಾಪ್ಟನ್ ಹುಕ್. ಅವನ ರಂಗಪ್ರವೇಶವಾದದ್ದು 1904ರಲ್ಲಿ. ಗಡ್ಡ ಎದೆಯವರೆಗೆ ಇಳಿದು, ಟೋಪಿಯ ಅಂಚಿನಿಂದ ಹೊತ್ತಿದ ಬತ್ತಿಗಳು ತೂಗುತ್ತಿದ್ದರೆ ಅವನು 1718ರಲ್ಲಿ ಕಾಳಗದಲ್ಲಿ ಮಡಿದ ‘ಕರಿಗಡ್ಡ’ನೆಂಬ ನಿಜವಾದ ಕಳ್ಳ. ಭುಜದ ಮೇಲೆ ಗಿಳಿ, ಕಂಕುಳಲ್ಲಿ ಊರುಗೋಲು ಇದ್ದರೆ ಸಿಲ್ವರ್. ಇಲ್ಲಿ ಒಂದು ಸೂಕ್ಷ್ಮವುಂಟು. ಸ್ಟೀವನ್‌ಸನ್ನನ ಸಿಲ್ವರ್ ಊರುಗೋಲು ಊರಿ ಕುಪ್ಪಳಿಸುವವನೇ ಹೊರತು ಮರಗಾಲು ಕಟ್ಟಿಕೊಂಡವನಲ್ಲ. ಮರಗಾಲಿನ ಬೊಂಬೆಯನ್ನು ಕಂಡೊಡನೆ ಸಿಲ್ವರನೆಂದು ಹೆಸರಿಟ್ಟರೆ ಅದು ಮೂಲಪಾಠಕ್ಕೆ ವಿರುದ್ಧವಾದೀತು!

ನಿಜವಾದ ಕಳ್ಳರ ಮಾತು ಬಂದಾಗ ನಮ್ಮ ಕರಾವಳಿಯನ್ನು ಮರೆಯಲಾಗದು. ಕ್ಯಾಪ್ಟನ್ ಕಿಡ್ ಎಂಬ ಹೆಸರು ಈ ಬೊಂಬೆಗಳ ಲೋಕದಲ್ಲಿ ಬಲು ದೊಡ್ಡದು. ಕಡಲ್ಗಳ್ಳರನ್ನು ಹಿಡಿಯುವ ಅಧಿಕಾರಪತ್ರ ಪಡೆದು ಹೊರಟ ಆ ವಿಲಿಯಂ ಕಿಡ್, 1697ರಲ್ಲಿ ತನ್ನ ‘ಅಡ್ವೆಂಚರ್ ಗ್ಯಾಲಿ’ ಹಡಗಿನೊಡನೆ ನಮ್ಮ ಕಾರವಾರದ ರೇವಿಗೆ ಬಂದಿದ್ದ. ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೋಠಿ ಇತ್ತು. 1698ರ ಜನವರಿಯಲ್ಲಿ ಮಲಬಾರ್ ತೀರದಾಚೆ ‘ಕ್ವೆಡಾ ಮರ್ಚಂಟ್’ ಎಂಬ ಸರಕಿನ ಹಡಗನ್ನು ಹಿಡಿದದ್ದೇ ಅವನ ಕೊರಳಿಗೆ ಉರುಳಾಯಿತು. 1701ರ ಮೇ ತಿಂಗಳಿನಲ್ಲಿ ಲಂಡನ್ನಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಕಾರವಾರದ ದಡದಲ್ಲಿ ಅವನನ್ನು ಕಂಡವರು ಪೈಲ್‌ನ ಚಿತ್ರದ ಕಡಲ್ಗಳ್ಳನನ್ನು ಕಂಡಿರಲಾರರು. ಆ ವೇಷ ಹುಟ್ಟಲು ಇನ್ನೂ ಸುಮಾರು ಎರಡು ಶತಮಾನ ಬೇಕಿತ್ತು. ಅಂದಮೇಲೆ, ನಾವು ಮೂಲವೆಂದು ಕರೆಯುವ ಹಳೆಯ ಬೊಂಬೆಯೂ ಒಂದು ಚಿತ್ರದ ಪ್ರತಿಯೇ. ಚಿತ್ರವೋ, ಕಲ್ಪನೆಯ ಪ್ರತಿ. ಪ್ರತಿಯೆಂದ ಮಾತ್ರಕ್ಕೆ ಮೂಗು ಮುರಿಯುವವರು ಇದನ್ನು ನೆನಪಿನಲ್ಲಿಡಬೇಕು.

ಹಾಗಾದರೆ ಲೋಹದ ಪ್ರತಿಯನ್ನು ಗುರುತಿಸುವ ಬಗೆ ಹೇಗೆ? ಮೊದಲು ಎರಡು ಸಂಗತಿಗಳನ್ನು ಬೇರ್ಪಡಿಸಬೇಕು. ಕಂಪನಿಯ ಹಳೆಯ ಅಚ್ಚಿನಿಂದಲೇ ವರ್ಷಗಳ ನಂತರ ಮತ್ತೆ ತೆಗೆದದ್ದು ಮರುಮುದ್ರಣ. ಮಾರ್ಕ್ಸ್ ಕಂಪನಿ ಮುಳುಗಿದ ಮೇಲೆ ಅದರ ಅಚ್ಚುಗಳು ಅನ್ಯರ ಕೈಸೇರಿ ಇಂಥ ಮರುಮುದ್ರಣಗಳು ಹೊರಟವು. ಅಚ್ಚು ಸಿಗದೆ, ಸಿದ್ಧವಾದ ಬೊಂಬೆಯ ಸುತ್ತಲೂ ಸಿಲಿಕೋನ್ ರಬ್ಬರ್ ಹೊಯ್ದು ಹೊಸ ಅಚ್ಚು ಮಾಡಿಕೊಂಡು ತೆಗೆದದ್ದು ಮರುಎರಕ. ಮೊದಲನೆಯದು ಅದೇ ಫಲಕದಿಂದ ಅಚ್ಚಾದ ಪುಸ್ತಕ; ಎರಡನೆಯದು ಪುಸ್ತಕವನ್ನು ನೋಡಿ ಕೈಯಲ್ಲಿ ಬರೆದುಕೊಂಡ ಪ್ರತಿ.

ಮರುಎರಕಕ್ಕೆ ಮೊದಲ ಸಾಕ್ಷಿ ಅಳತೆ. ಕಾದ ಲೋಹ ಆರುವಾಗ ಕುಗ್ಗುತ್ತದೆ. ಒಂದೊಂದು ಸಲ ನೂರಕ್ಕೆ ಒಂದು ಪಾಲು ಕುಗ್ಗಿತೆಂದು ಇಟ್ಟುಕೊಳ್ಳೋಣ. 60 ಮಿಲಿಮೀಟರಿನ ಕಳ್ಳ ಮೊದಲ ಪ್ರತಿಯಲ್ಲಿ 59.4, ಪ್ರತಿಯ ಪ್ರತಿಯಲ್ಲಿ 58.8, ಅದರ ಪ್ರತಿಯಲ್ಲಿ 58.2 ಮಿಲಿಮೀಟರಿಗೆ ಇಳಿಯುತ್ತಾನೆ. ಟೋಪಿ, ಕತ್ತಿಗಳು ಬಾಗಿರಬಹುದಾದ್ದರಿಂದ ಅಂಗಾಲಿನಿಂದ ಸೊಂಟಪಟ್ಟಿಯವರೆಗೆ ಅಳೆಯುವುದು ಕ್ಷೇಮ. ಎರಡನೆಯ ಸಾಕ್ಷಿ ಸವಕಲು. ಗುಂಡಿ, ಬೆರಳಿನ ಸಂದು, ಹಲ್ಲಿನ ಸಾಲು, ಪೀಠದ ಅಡಿಯ ತಯಾರಕನ ಮುದ್ರೆ, ಇವು ತಲೆಮಾರಿನಿಂದ ತಲೆಮಾರಿಗೆ ಮಸುಕಾಗುತ್ತವೆ. ಮೂರನೆಯದು ತೂಕ. ಹಳೆಯ ಪಾಲಿಥೀನ್ ಬೊಂಬೆ ನೀರಿನಲ್ಲಿ ತೇಲುತ್ತದೆ. ಟೊಳ್ಳು ಸೀಸದ್ದಕ್ಕೆ ಸಾಮಾನ್ಯವಾಗಿ ಎಲ್ಲಾದರೂ ಒಂದು ಸಣ್ಣ ರಂಧ್ರವಿರುತ್ತದೆ. ಮರುಎರಕವೋ, ಬಹುಮಟ್ಟಿಗೆ ಗಟ್ಟಿಯಾಗಿ ಅಂಗೈಯಲ್ಲಿ ಭಾರವಾಗಿ ಕೂರುತ್ತದೆ. ಸೀಸ ಹೆಚ್ಚಾಗಿರುವ ಲೋಹವಾದರೆ ಬಿಳಿಯ ಕಾಗದದ ಮೇಲೆ ಬೂದು ಗೆರೆ ಎಳೆಯುತ್ತದೆ. ನಾವು ಸೀಸದಕಡ್ಡಿಯೆಂದು ಕರೆಯುವ ವಸ್ತುವಿನಲ್ಲಿ ಸೀಸವೇ ಇಲ್ಲದಿರುವುದು ಬೇರೆಯ ಮಾತು!

ಎಲ್ಲಕ್ಕಿಂತ ಬಲವಾದ ಸಾಕ್ಷಿ ತಪ್ಪಿನದು. ಅಚ್ಚು ತೆಗೆದ ಮೂಲಬೊಂಬೆಯ ಕತ್ತಿಯ ತುದಿ ಮುರಿದಿದ್ದರೆ, ಅದರಿಂದ ಹುಟ್ಟಿದ ಪ್ರತಿಯೊಂದು ಕಳ್ಳನ ಕತ್ತಿಯೂ ಅದೇ ಜಾಗದಲ್ಲಿ ಮೊಂಡು. ಅಚ್ಚಿನಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ ಎಲ್ಲರ ಎಡಗೆನ್ನೆಯ ಮೇಲೂ ಅದೇ ನರುಳ್ಳೆ. ಲಿಪಿಕಾರನೊಬ್ಬ ಬಿಟ್ಟ ಅಕ್ಷರವನ್ನು ಅವನ ಪ್ರತಿ ನೋಡಿ ಬರೆದವರೆಲ್ಲರೂ ಬಿಡುತ್ತಾರೆ. ಆ ಲೋಪವನ್ನೇ ಹಿಡಿದು ಸಂಪಾದಕರು ಪ್ರತಿಗಳ ಕುಲವನ್ನು ನಿರ್ಣಯಿಸುತ್ತಾರೆ. ಸರಿಯಾದ ಪಾಠ ಎಲ್ಲರಲ್ಲಿಯೂ ಒಂದೇ ಆಗಿರಬಹುದು. ಸಂಬಂಧವನ್ನು ಬಯಲಿಗೆಳೆಯುವುದು ಹಂಚಿಕೊಂಡ ತಪ್ಪು. ಗ್ರಂಥಸಂಪಾದನೆಯ ಈ ಸೂತ್ರ ಬೊಂಬೆಗಳಿಗೂ ಸಲ್ಲುತ್ತದೆಂದು ವೈದ್ಯರಿಗೆ ಹೇಳಿದಾಗ ಅವರು ನಕ್ಕು, “ನಮ್ಮಲ್ಲಿ ಇದನ್ನು ಆನುವಂಶಿಕ ರೋಗ ಎನ್ನುತ್ತೇವೆ, ಮೇಷ್ಟ್ರೇ” ಎಂದರು.

ಇಷ್ಟೆಲ್ಲ ಪರೀಕ್ಷೆ ಏತಕ್ಕೆ? ಮೋಸ ನಡೆಯುವುದರಿಂದ. ವೈದ್ಯರೇ ಒಮ್ಮೆ ವ್ಯಾಪಾರಿಯೊಬ್ಬನ ಮಾತು ನಂಬಿ, ಹಳೆಯ ಸೀಸದ ಬೊಂಬೆಯ ಬೆಲೆ ಕೊಟ್ಟು ಹೊಸ ಎರಕವನ್ನು ತಂದಿದ್ದರಂತೆ. ಬಣ್ಣವನ್ನು ಬೇಕೆಂದೇ ಕೆರೆದು, ಹೊಗೆ ಹಿಡಿಸಿ ಮುಪ್ಪು ಬರಿಸಿದ್ದರು. ಆದರೆ ನಿಜವಾದ ಸವಕಲು ಮೂಗಿನ ತುದಿ, ಟೋಪಿಯ ಅಂಚು, ಮೊಣಕೈ ಮುಂತಾಗಿ ಮಕ್ಕಳ ಬೆರಳು ತಾಗುವ ಉಬ್ಬುಗಳಲ್ಲಿರುತ್ತದೆ. ಕೃತಕವಾದದ್ದು ಕಂಕುಳಲ್ಲಿಯೂ ಇರುತ್ತದೆ. ಕಡಲ್ಗಳ್ಳನ ಬೊಂಬೆ ಮಾರುವ ನೆಲಗಳ್ಳನಿಗೆ ಏನೆನ್ನೋಣ!

ಮರುಎರಕದಿಂದ ಉಪಕಾರವೂ ಉಂಟು. ಹಳೆಯ ಪ್ಲಾಸ್ಟಿಕ್ ಒಣಗಿ ಮುರಿಯುತ್ತದೆ. ಅದರ ಮೇಲೆ ಹಚ್ಚಿದ ಬಣ್ಣವೂ ನಿಲ್ಲದೆ ಸಿಪ್ಪೆಯೇಳುತ್ತದೆ. ಲೋಹ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಅಪರೂಪದ ಮೂಲಕ್ಕೆ ಕುಂಚ ತಾಗಿಸುವುದು ಅಪಚಾರ. ಪ್ರತಿಗೆ ತಾಗಿಸಿದರೆ ಮೂಲ ಉಳಿಯಿತು, ಕೈಯ ಆಸೆಯೂ ತೀರಿತು.

ಬಣ್ಣದ ಕ್ರಮ ಹೀಗೆ. ಅಚ್ಚಿನ ಎರಡು ಭಾಗಗಳು ಕೂಡಿದ ಕಡೆ ಉಳಿದ ಗೆರೆಯನ್ನು ಸಣ್ಣ ಅರದಿಂದ ಉಜ್ಜಿ, ನೀರಿನಲ್ಲಿ ನೆನೆಸಿದ ನಯವಾದ ಉಪ್ಪುಕಾಗದದಿಂದ ಸಮಮಾಡಬೇಕು. ಸಾಬೂನಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಒಣಗಿದ ಮೇಲೆ ಬೂದುಬಣ್ಣದ ಪ್ರೈಮರ್ ತೆಳುವಾಗಿ ಕೊಡಬೇಕು. ಅನಂತರ ಒಳಗಿನಿಂದ ಹೊರಕ್ಕೆ, ನಾವು ಬಟ್ಟೆ ತೊಡುವ ಅನುಕ್ರಮದಲ್ಲಿಯೇ: ಮೊದಲು ಮೈ, ಬಳಿಕ ಅಂಗಿ, ಅದರ ಮೇಲೆ ಕೋಟು, ಕಡೆಗೆ ಪಟ್ಟಿ, ಕತ್ತಿ. ಕಡಲ ಬಿಸಿಲಿನಲ್ಲಿ ಬೆಂದ ಮೈಗೆ ಗುಲಾಬಿ ಬಣ್ಣ ಸಲ್ಲದು. ಕೆಂಗಂದು ಹಚ್ಚಿ, ಹಣೆ, ಮೂಗು, ಕೆನ್ನೆಗಳ ಉಬ್ಬಿಗೆ ತಿಳಿಯಾದ ಬಣ್ಣ ತಾಗಿಸಬೇಕು. ಆಫ್ರಿಕದ ಮೂಲದವರೂ ಆ ಹಡಗುಗಳಲ್ಲಿದ್ದರು. ಎಲ್ಲರನ್ನೂ ಬಿಳಿಯರನ್ನಾಗಿಸುವುದು ಚರಿತ್ರೆಗೆ ದೂರ. ಅಚ್ಚ ಕಪ್ಪು ಉಪ್ಪುನೀರಿನಲ್ಲಿ ಬಹುಕಾಲ ಬಾಳದು. ಅದಕ್ಕೆ ತುಸು ಕಂದು ಬೆರೆಸಿದರೆ ಕೋಟು ಹಳತಾಗುತ್ತದೆ. ತೀರ ತೆಳುಮಾಡಿದ ಕಂದು ಬಣ್ಣವನ್ನು ಹರಿಸಿದರೆ ಅದು ಮಡಿಕೆಗಳಲ್ಲಿ ನಿಂತು ನೆರಳಾಗುತ್ತದೆ. ಆಮೇಲೆ ಬಣ್ಣವನ್ನು ಬಹುಮಟ್ಟಿಗೆ ಒರೆಸಿಬಿಟ್ಟ ಕುಂಚದಿಂದ ಉಬ್ಬುಗಳನ್ನು ಸವರಿದರೆ ಬೆಳಕು ಮೂಡುತ್ತದೆ. ಕಣ್ಣಿಗೆ ಒಂದು ಗೆರೆ ಸಾಕು. ಬಿಳಿಯನ್ನು ತುಂಬಿದರೆ ಕಳ್ಳ ತಾನೇ ಪೊಲೀಸರನ್ನು ಕಂಡು ಬೆಚ್ಚಿದಂತೆ ತೋರುತ್ತಾನೆ.

ಒಂದು ಎಚ್ಚರಿಕೆಯನ್ನು ಹೇಳದೆ ಮುಗಿಸಕೂಡದು. ಸೀಸ ವಿಷ, ಮಕ್ಕಳಿಗಂತೂ ಘೋರ ವಿಷ. ಅರದ ಹುಡಿ ಉಸಿರಿಗೆ ಸೇರಬಾರದು, ಅಡುಗೆಮನೆಯ ಮೇಜಿನ ಮೇಲೆ ಈ ಕೆಲಸ ಕೂಡದು, ಕೈ ತೊಳೆಯದೆ ತಿನ್ನಬಾರದು. ಎರಕ ಹೊಯ್ಯುವವರ ಅಚ್ಚಿನಲ್ಲಿ ಒಂದು ತೊಟ್ಟು ನೀರಿದ್ದರೂ ಅದು ಆವಿಯಾಗಿ ಕಾದ ಲೋಹ ಮುಖಕ್ಕೆ ಸಿಡಿದೀತು. ಓಕ್ ಮರದ ಬೀರುವಿನಲ್ಲಿಟ್ಟರೆ ಮರದಿಂದ ಹೊರಡುವ ಆಮ್ಲದ ಆವಿಗೆ ಸೀಸ ಬಿಳಿಯ ಹುಡಿಯಾಗಿ ಉದುರುತ್ತದೆ. ಸೀಸವಿಲ್ಲದ ತವರದ ಮಿಶ್ರಲೋಹಗಳೂ ದೊರೆಯುತ್ತವೆ. ಮಕ್ಕಳಿರುವ ಮನೆಗೆ ಅವೇ ತಕ್ಕವು.

ವೈದ್ಯರ ತಂಡದಲ್ಲಿ ಊರುಗೋಲಿನ ಸಿಲ್ವರ್ ಪ್ರತಿಯೇ. ಮೂಲ ಅವರ ಮಗನದು. ಅವನು ಎಳೆಯನಾಗಿದ್ದಾಗ ಸಮುದ್ರದ ದಂಡೆಯ ಮರಳಿನಲ್ಲಿ ಅದನ್ನು ಕಳೆದು ಎರಡು ದಿನ ಅತ್ತನಂತೆ. ಎಷ್ಟೋ ವರ್ಷಗಳ ಮೇಲೆ ಲೋಹದ ಪ್ರತಿ ದೊರೆತು, ವೈದ್ಯರು ಮಗನ ನೆನಪಿನಂತೆಯೇ ಕೋಟಿಗೆ ನೀಲಿ ಹಚ್ಚಿದರು. ಬೊಂಬೆಯನ್ನು ತಿರುವಿ ನೋಡಿದೆ. ಪೀಠದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ಮರುಎರಕ’ ಎಂಬ ಮಾತು, ಬಣ್ಣ ಹಚ್ಚಿದವರ ಹೆಸರು, ವರ್ಷ. ನಮ್ಮ ಹಳೆಯ ಲಿಪಿಕಾರರೂ ಪ್ರತಿಯ ಕೊನೆಯಲ್ಲಿ ತಮ್ಮ ಹೆಸರನ್ನೂ ಬರೆದು ಮುಗಿಸಿದ ದಿನವನ್ನೂ ನಮೂದಿಸುತ್ತಿದ್ದುದುಂಟು. ಅವರಲ್ಲಿ ಯಾರೂ ತಾವೇ ಕವಿಗಳೆಂದು ಹೇಳಿಕೊಳ್ಳಲಿಲ್ಲ. ಅವರು ನಕಲು ಮಾಡದಿದ್ದರೆ ಕವಿಗಳೂ ನಮಗೆ ಉಳಿಯುತ್ತಿರಲಿಲ್ಲ. ನಕಲು ಮಾಡುವುದು ಕಳ್ಳತನವಲ್ಲ. ನಕಲೆಂಬುದನ್ನು ಮುಚ್ಚಿಡುವುದು ಕಳ್ಳತನ. ಎರಡಕ್ಕೂ ನಡುವೆ ಇರುವುದು ಪೀಠದಡಿಯ ಆ ಒಂದು ಸಾಲು.