ಗೈಡಿನಲ್ಲಿಲ್ಲದ ಉತ್ತರ

ಜಾನ್ ಸ್ಟೈನ್‌ಬೆಕ್ 1939ರಲ್ಲಿ ಪ್ರಕಟಿಸಿದ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯನ್ನು ತರಗತಿಗಾಗಿ ಓದಿದ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಕಡೆಯ ಕೆಲವು ವಿದ್ಯಾರ್ಥಿಗಳೊಡನೆ ಈಚೆಗೆ ಮಾತನಾಡಿದೆ. ಗೇಣಿ ಹೊಲ ಕಳೆದುಕೊಂಡ ಓಕ್ಲಹೋಮಾದ ಜೋಡ್ ಕುಟುಂಬ ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೋಗುವ ಕಥೆಯದು. ಅವರು ಮೇಲಧಿಕಾರಿಗಳಿಗೆ ಅರ್ಜಿ ಕೊಡಬಹುದಿತ್ತಲ್ಲ ಎಂದನೊಬ್ಬ. ‘ಯಾರಿಗಂತ ಕೊಡ್ತಾರ್ರೀ ಸರ್? ಬ್ಯಾಂಕಿನ್ಯಾಗ ನಮ್ಮಪ್ಪಗೂ ಎಲ್ಲಾ ಮ್ಯಾಲಿನವ್ರ ಕೈಯಾಗೈತಿ ಅಂದ್ರು’ ಎಂದಳು ಗೋವಿನಜೋಳ ಬೆಳೆಯುವ ರೈತನ ಮಗಳು. ಮನೆ ಕೆಡವಲು ಬಂದ ಟ್ರ್ಯಾಕ್ಟರ್ ಚಾಲಕನಿಗೂ ಹೊಣೆಗಾರ ಯಾರೆಂದು ತಿಳಿಯದ ಅಧ್ಯಾಯದ ತಿರುಳೇ ಅದು. ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ನನಗೆ ಯಾರೂ ಇಷ್ಟು ನೇರವಾಗಿ ಹೇಳಿರಲಿಲ್ಲ.

ಆದರೆ ಪರೀಕ್ಷೆಯಲ್ಲಿ ಆಕೆ ಬರೆದದ್ದು ಗೈಡಿನ ಉತ್ತರ. ಅಂಕ ಸಿಗುವುದು ಅದಕ್ಕೇ. ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಇಂಗ್ಲಿಷ್ ಕಲಿಸುತ್ತಲೇ ಕನ್ನಡದಲ್ಲಿ ಬರೆದವರು. ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆಯನ್ನಾದರೂ ವಿದ್ಯಾರ್ಥಿಯ ಸ್ವಂತ ಓದಿಗೆ ಮೀಸಲಿಡಬೇಕು. ಅದಕ್ಕೆ ಆಕೆ ಕನ್ನಡದಲ್ಲೇ ಉತ್ತರಿಸಿದರೂ ಮೌಲ್ಯಮಾಪಕರು ಅಂಕ ಕೊಡಬೇಕು.