ಹೊಸ್ತಿಲು ದಾಟದ ಆರೋಗ್ಯ

ಆರೋಗ್ಯವನ್ನು ಜನರ ಮನೆಬಾಗಿಲಿಗೆ ಒಯ್ಯುತ್ತೇವೆಂದು ಹೇಳದ ಸರ್ಕಾರ ಈ ನಾಡಿನಲ್ಲಿ ಇದುವರೆಗೆ ಬಂದಿಲ್ಲ. ಹಣ ತೆರಲು ಶಕ್ತಿಯಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂಬ ತತ್ತ್ವವನ್ನು ಭೋರ್ ಸಮಿತಿ 1946ರಷ್ಟು ಹಿಂದೆಯೇ ಎತ್ತಿ ಹೇಳಿತು. ಸಾರ್ವಜನಿಕ ಆರೋಗ್ಯದ ಸುಧಾರಣೆ ರಾಜ್ಯದ ಪ್ರಾಥಮಿಕ ಕರ್ತವ್ಯಗಳಲ್ಲೊಂದೆಂದು ಸಂವಿಧಾನದ 47ನೆಯ ವಿಧಿ ಸಾರಿತು. ತೀರ ಈಚೆಗೆ, 2024ರಲ್ಲಿ, ನಮ್ಮ ರಾಜ್ಯ ಸರ್ಕಾರ ಕೋಲಾರ ಜಿಲ್ಲೆಯಿಂದ ‘ಗೃಹ ಆರೋಗ್ಯ’ ಎಂಬ ಯೋಜನೆಯನ್ನು ಆರಂಭಿಸಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲಾದವುಗಳ ತಪಾಸಣೆಯನ್ನು ಮನೆಗಳಲ್ಲಿಯೇ ನಡೆಸುವುದಾಗಿ ಪ್ರಕಟಿಸಿತು. ಒಳ್ಳೆಯ ಕೆಲಸ ಯಾರು ಮಾಡಿದರೂ ಒಳ್ಳೆಯದೇ. ನಾವು ಇದನ್ನು ಸ್ವಾಗತಿಸುತ್ತೇವೆ. ಆದರೆ ಬಾಗಿಲವರೆಗೆ ಬಂದು ಹೆಸರು ಬರೆದುಕೊಂಡು ಹೋಗುವುದು ಬೇರೆ, ಹೊಸ್ತಿಲು ದಾಟಿ ರೋಗಿಯ ಹಾಸಿಗೆಯ ಬಳಿ ಕುಳಿತು ಆರೈಕೆ ಮಾಡುವುದು ಬೇರೆ. ಈ ಎರಡರ ನಡುವಣ ಅಂತರವೇ ಈ ವಾರ ನಮ್ಮ ವಾಚಕರ ಮುಂದೆ ನಾವಿಡುವ ವಿಷಯ.

ಹಳ್ಳಿಯ ಮಾತು ಪಟ್ಟಣದ ಗಿರಣಿ ಕಾರ್ಮಿಕನಿಗೇಕೆ, ಪೇಟೆಯ ಸಣ್ಣ ವ್ಯಾಪಾರಿಗೇಕೆ ಎಂದು ಯಾರಾದರೂ ಕೇಳಬಹುದು. ತಮ್ಮ ಪಾಳಿಯಲ್ಲಿ ದುಡಿಯುವವರಲ್ಲಿ ಎಷ್ಟು ಮಂದಿಯ ತಂದೆತಾಯಿ ಇಂದಿಗೂ ಹಳ್ಳಿಯಲ್ಲಿಯೇ ಇದ್ದಾರೆಂದು ವಾಚಕರೇ ಎಣಿಸಿ ನೋಡಲಿ. ಊರಿನಲ್ಲಿ ತಂದೆಗೆ ಲಕ್ವ ಹೊಡೆಯಿತೆಂಬ ಸುದ್ದಿ ಬಂದಾಗ ಗಿರಣಿಯವನು ಸಂಬಳವಿಲ್ಲದ ರಜೆ ಹಾಕುತ್ತಾನೆ; ಅಂಗಡಿಯವನು ಬಾಗಿಲು ಹಾಕಿ ಹೊರಡುತ್ತಾನೆ. ಮೊದಲ ವಾರ ಆಸ್ಪತ್ರೆ, ಎರಡನೆಯ ವಾರ ಸಾಲ, ಮೂರನೆಯ ವಾರ ಬಡ್ಡಿ. ಕಾರ್ಮಿಕನ ಕೂಲಿಯಿಂದ ಪ್ರತಿ ತಿಂಗಳೂ ರಾಜ್ಯವಿಮೆಗೆಂದು ಹಣ ಮುರಿದುಕೊಳ್ಳುತ್ತಾರೆ. 2019ರ ಜುಲೈಯಲ್ಲಿ ಗೊತ್ತುಮಾಡಿದ ದರದಂತೆ ಅವನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನ ಪಾಲು ಮೂರೂಕಾಲು ರೂಪಾಯಿ. ಆದರೆ ವಿಮೆಯ ಔಷಧಾಲಯ ಇರುವುದು ಪಟ್ಟಣದಲ್ಲಿ. ಅವನ ತಾಯಿ ಮಲಗಿರುವುದು ಮೂವತ್ತು ಮೈಲಿ ಆಚೆ. ಸಣ್ಣ ವ್ಯಾಪಾರಿಗಂತೂ ಆ ವಿಮೆಯೂ ಇಲ್ಲ.

ಆಯುಷ್ಮಾನ್ ಕಾರ್ಡು ಇದೆಯಲ್ಲ ಎನ್ನುವವರಿದ್ದಾರೆ. 2018ರಲ್ಲಿ ಬಂದ ಈ ಯೋಜನೆ ಬಡ ಕುಟುಂಬವೊಂದಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ಖರ್ಚು ಕೊಡುವುದಾಗಿ ಹೇಳಿತು. ರೋಗಿ ಆಸ್ಪತ್ರೆಗೆ ದಾಖಲಾಗಿರುವಷ್ಟು ದಿನ, ಹೊರಬಂದ ಮೇಲೆ ಹದಿನೈದು ದಿನಗಳ ಔಷಧಿಗೆ ಅದರಲ್ಲಿ ಅವಕಾಶವಿದೆ. ಹದಿನಾರನೆಯ ದಿನ ಏನು? ಲಕ್ವ ಹದಿನೈದು ದಿನಕ್ಕೆ ಬಿಟ್ಟುಹೋಗುವ ಕಾಯಿಲೆಯಲ್ಲ. ತೊಡೆಯ ಮೂಳೆ ಮುರಿದ ಮುದುಕಿ ಹದಿನೈದು ದಿನಕ್ಕೆ ಎದ್ದು ನಡೆಯುವುದಿಲ್ಲ. ಕೊನೆಯ ಹಂತದ ಕ್ಯಾನ್ಸರಿನವನನ್ನು ದೊಡ್ಡಾಸ್ಪತ್ರೆ ಮನೆಗೆ ಕರೆದೊಯ್ಯಿರಿ ಎಂದು ಕಳಿಸಿಬಿಡುತ್ತದೆ. ರೋಗದ ದೊಡ್ಡ ಭಾಗ ಕಳೆಯುವುದು ಆಸ್ಪತ್ರೆಯ ಮಂಚದ ಮೇಲಲ್ಲ, ಹಟ್ಟಿಯ ಚಾಪೆಯ ಮೇಲೆ. ಸರ್ಕಾರದ ಹಣವಾದರೋ ಮಂಚದ ಬಳಿ ಬಂದು ನಿಂತುಬಿಡುತ್ತದೆ.

ಮನೆಯ ಆರೈಕೆ ಎಂದರೆ ಬಾಯಿಮಾತಿನ ಸಾಂತ್ವನವೆಂದು ಯಾರೂ ತಿಳಿಯಬಾರದು. ಅದು ಕಲಿತು ಮಾಡಬೇಕಾದ ಕೆಲಸ. ಮಲಗಿದಲ್ಲೇ ಇರುವ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ತಪ್ಪಿದರೆ ಬೆನ್ನಿನಲ್ಲಿ ಹಾಸಿಗೆ ಹುಣ್ಣು ಏಳುತ್ತದೆ, ಹುಣ್ಣು ಕೀವಾಗುತ್ತದೆ, ಲಕ್ವದಿಂದ ಬದುಕಿದವನು ಹುಣ್ಣಿನಿಂದ ಸಾಯುತ್ತಾನೆ. ಮೂತ್ರದ ನಳಿಕೆಯನ್ನು ಶುಚಿಯಾಗಿಡದಿದ್ದರೆ ಜ್ವರ ಬರುತ್ತದೆ. ಸೋತ ಕೈಕಾಲುಗಳನ್ನು ದಿನವೂ ಆಡಿಸದಿದ್ದರೆ ಕೀಲುಗಳು ಬಿಗಿಯುತ್ತವೆ. ಕ್ಯಾನ್ಸರಿನ ನೋವಿಗೆ ಮಾರ್ಫಿನ್ ಮಾತ್ರೆ ಬೇಕು. ಅದನ್ನು ಕೊಡುವ ಕಾನೂನನ್ನು 2014ರಲ್ಲಿ ಸಡಿಲಿಸಿದ ಮೇಲೂ ಹಳ್ಳಿಯ ರೋಗಿಗೆ ಅದು ಸುಲಭವಾಗಿ ದೊರೆಯುತ್ತಿಲ್ಲ. ಹಸುಗೂಸಿನ ವಿಷಯದಲ್ಲಿಯೂ ಹೀಗೆಯೇ. ತೂಕ ನೋಡಬೇಕು, ಮೈಬಿಸಿ ನೋಡಬೇಕು, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಅರವತ್ತು ಅಥವಾ ಅದಕ್ಕೆ ಮೇಲಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಇದು ಆಗಹೋಗದ ಮಾತೆಂದು ಮೂಗು ಮುರಿಯುವವರು ಮಹಾರಾಷ್ಟ್ರದ ಗಡಚಿರೋಲಿಯ ಕಡೆಗೆ ನೋಡಲಿ. ಅಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು ಹಳ್ಳಿಯ ಸಾಮಾನ್ಯ ಹೆಂಗಸರಿಗೆ ಕೂಸಿನ ಆರೈಕೆಯ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು. 1999ರಲ್ಲಿ ಪ್ರಕಟವಾದ ಅವರ ವರದಿಯಂತೆ, ಹಳೆಯ ಸ್ಥಿತಿಯಲ್ಲೇ ಉಳಿದ ಹಳ್ಳಿಗಳೊಡನೆ ಹೋಲಿಸಿದಾಗ, ನವಜಾತ ಶಿಶುಗಳ ಮರಣ ಮೂರನೆಯ ವರ್ಷದಲ್ಲಿ ನೂರಕ್ಕೆ ಅರವತ್ತೆರಡರಷ್ಟು ಇಳಿದಿತ್ತು. ನೆರೆಯ ಕೇರಳದಲ್ಲಿ 1993ರಲ್ಲಿ ಕೋಳಿಕೋಡಿನಲ್ಲಿ ಆರಂಭವಾದ ನೋವು ಶಮನದ ಕೇಂದ್ರವೊಂದರಿಂದ ಬೆಳೆದ ಚಳವಳಿಯನ್ನು 2008ರಲ್ಲಿ ಅಲ್ಲಿನ ಸರ್ಕಾರ ತನ್ನ ನೀತಿಯನ್ನಾಗಿ ಮಾಡಿಕೊಂಡಿತು. ಪಂಚಾಯಿತಿಯ ನರ್ಸು ಚೀಲ ಹಿಡಿದು ಹಾಸಿಗೆ ಹಿಡಿದವರ ಮನೆಗೆ ಹೋಗುವ ಪದ್ಧತಿ ಅಲ್ಲಿ ಬೇರೂರಿತು. ಊರಿನ ವಿದ್ಯಾರ್ಥಿಗಳು, ಕೂಲಿಯವರು, ಅಂಗಡಿಯವರು ಆ ಕೆಲಸಕ್ಕೆ ಹೆಗಲು ಕೊಟ್ಟರು. ಅಲ್ಲಿನ ಪಂಚಾಯಿತಿಗೆ ಆದದ್ದು ನಮ್ಮ ಪಂಚಾಯಿತಿಗೆ ಏಕೆ ಆಗದು?

ನಮ್ಮಲ್ಲಿ ಈ ಹೊರೆಯನ್ನು ಯಾರ ತಲೆಯ ಮೇಲೆ ಹೊರಿಸಿದ್ದಾರೆ ನೋಡಿ. ಬಯಲುಸೀಮೆಯಲ್ಲಿ ಐದು ಸಾವಿರ ಜನಕ್ಕೆ ಒಂದು ಆರೋಗ್ಯ ಉಪಕೇಂದ್ರವೆಂದು ನಿಯಮ. ಅಲ್ಲಿನ ನರ್ಸಮ್ಮ ಚುಚ್ಚುಮದ್ದು, ಗರ್ಭಿಣಿಯರ ತಪಾಸಣೆ, ಲೆಕ್ಕಪತ್ರ ಎಲ್ಲವನ್ನೂ ತೂಗಿಸಬೇಕು. ಅವರ ಕೈಕೆಳಗೆ, ಸುಮಾರು ಸಾವಿರ ಜನಕ್ಕೆ ಒಬ್ಬರಂತೆ, 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಆಶಾ ಕಾರ್ಯಕರ್ತೆಯರು. ರಾಜ್ಯದಲ್ಲಿ ಸುಮಾರು 42,000 ಮಂದಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ನಲವತ್ತೆರಡು ದಿನಗಳೊಳಗೆ ಆರು ಬಾರಿ ಹೋಗಿ ಕೂಸನ್ನು ನೋಡಬೇಕೆಂಬ ಯೋಜನೆ 2011ರಲ್ಲಿ ಬಂದಾಗ, ಆರೂ ಭೇಟಿ ಮುಗಿಸಿದವರಿಗೆ ಗೊತ್ತುಮಾಡಿದ ಪ್ರೋತ್ಸಾಹಧನ 250 ರೂಪಾಯಿ. ಭೇಟಿಯೊಂದಕ್ಕೆ 42 ರೂಪಾಯಿಗೂ ಕಡಿಮೆ! ಬಿಸಿಲೋ ಮಳೆಯೋ ತೋಟದ ಮನೆಗೆ ನಡೆದುಹೋಗಿ ಒಂದು ಜೀವದ ಉಸಿರೆಣಿಸುವ ಕೆಲಸಕ್ಕೆ ಈ ಬೆಲೆ. ಇನ್ನು ಮುದುಕರ ಸರದಿ ಬರುವುದು ಯಾವಾಗ? ಹಾಸಿಗೆ ಹಿಡಿದ ವೃದ್ಧರನ್ನು ಮನೆಗೆ ಹೋಗಿ ನೋಡಬೇಕೆಂಬ ಮಾತು 2010ರ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಇದೆ. ಕಾರ್ಯಕ್ರಮ ಕಡತದಲ್ಲಿದೆ, ವೃದ್ಧರು ಹಾಸಿಗೆಯಲ್ಲಿದ್ದಾರೆ.

ಈ ಹೆಂಗಸರನ್ನು ಸರ್ಕಾರ ಕಾರ್ಮಿಕರೆಂದು ಕರೆಯುವುದಿಲ್ಲ, ಸ್ವಯಂಸೇವಕಿಯರೆಂದು ಕರೆಯುತ್ತದೆ. ಕೊಡುವುದಕ್ಕೆ ಸಂಬಳವೆನ್ನುವುದಿಲ್ಲ, ಗೌರವಧನವೆನ್ನುತ್ತದೆ. ಗೌರವವೂ ಇಲ್ಲ, ಧನವೂ ಇಲ್ಲ! ಇಂಥ ಯೋಜನೆಗಳ ನೌಕರರನ್ನು ಕಾರ್ಮಿಕರೆಂದು ಮಾನ್ಯ ಮಾಡಬೇಕೆಂದು 2013ರ 45ನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತು. ಅಂಗನವಾಡಿಯವರಿಗೆ ಗ್ರಾಚ್ಯುಯಿಟಿ ಸಲ್ಲಬೇಕೆಂದು, ಅವರ ಗೌರವಧನವೂ ವೇತನವೇ ಎಂದು ಸರ್ವೋಚ್ಚ ನ್ಯಾಯಾಲಯ 2022ರ ಏಪ್ರಿಲ್‌ನಲ್ಲಿ ತೀರ್ಪಿತ್ತಿತು. ಅದೇ ವರ್ಷದ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ನೀಡಿತು. ಪ್ರಶಸ್ತಿ ಪಡೆದವರು 2025ರ ಜನವರಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಮಲಗಿದರು. ತಿಂಗಳಿಗೆ ಕನಿಷ್ಠ ಹತ್ತು ಸಾವಿರ ರೂಪಾಯಿ ಕೊಡುವ ಭರವಸೆ ಸಿಕ್ಕ ಮೇಲೆ ಎದ್ದರು. ಅದೇ ವರ್ಷ ಆಗಸ್ಟಿನಲ್ಲಿ ಆ ಭರವಸೆಯನ್ನು ನೆನಪಿಸಲು ಮತ್ತೆ ಬೀದಿಗಿಳಿಯಬೇಕಾಯಿತು. ಮುಷ್ಕರವೆಂದರೇನೆಂದು ಬಲ್ಲ ಗಿರಣಿಯ ಬಂಧುಗಳಿಗೆ ಇದರ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಕೂಲಿ ಸರಿಯಿಲ್ಲದ ಕಡೆ ಕೆಲಸದ ಗುಣವೂ ಕೆಡುತ್ತದೆ. ಮೇಲಿನಿಂದ ಬರುವ ಪ್ರಶ್ನೆ ಒಂದೇ: ಎಷ್ಟು ಭೇಟಿ ಆಯಿತು? ಆದ್ದರಿಂದ ಕೆಳಗಿನಿಂದ ಹೋಗುವ ಉತ್ತರವೂ ಒಂದು ಸಂಖ್ಯೆ. ಒಂದು ಕಾಲಕ್ಕೆ ಅದು ರಿಜಿಸ್ಟರಿನಲ್ಲಿತ್ತು, ಈಗ ಮೊಬೈಲಿನಲ್ಲಿದೆ. 1963ರಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಲೋಕಸಭೆಯಲ್ಲಿ ಲೆಕ್ಕ ಇಟ್ಟಾಗ, ಆಳುವವರು ಹದಿನೈದಾಣೆಯ ಸರಾಸರಿ ತೋರಿಸಿದರು. ಸರಾಸರಿಯ ಮರೆಯಲ್ಲಿ ಬಡವ ಅಡಗಿಹೋಗುತ್ತಾನೆಂಬ ಪಾಠವನ್ನು ನಾವು ಅಂದೇ ಕಲಿತಿದ್ದೇವೆ. ಇಂದು ಭೇಟಿಗಳ ಮೊತ್ತದ ಮರೆಯಲ್ಲಿ ರೋಗಿ ಅಡಗಿಹೋಗಿದ್ದಾನೆ. ಭೇಟಿ ಊರ ನಡುವಿನ ಬೀದಿಗೆ ಆಯಿತೋ, ದಲಿತರ ಕೇರಿಗೂ ಆಯಿತೋ? ಹೊರಗೆ ನಿಂತು ಕೂಗಿದ್ದೋ, ಒಳಗೆ ಹೋಗಿ ಮುಟ್ಟಿ ನೋಡಿದ್ದೋ? ಬೆನ್ನ ಹುಣ್ಣು ಮಾಯಿತೋ ಇಲ್ಲವೋ? ಈ ಪ್ರಶ್ನೆಗಳಿಗೆ ಮೊಬೈಲಿನಲ್ಲಿ ಸ್ಥಳವಿಲ್ಲ. ಕೇರಿಗೆ ಹೋಗದವರನ್ನು, ಮುಟ್ಟಲು ಹಿಂಜರಿಯುವವರನ್ನು ನಾವು ಸಮರ್ಥಿಸುವುದಿಲ್ಲ. ಅದು ಕೆಲಸದ ಲೋಪ ಮಾತ್ರವಲ್ಲ, ಅಪರಾಧ. ಆದರೆ ಔಷಧಿ ಬಾರದಿದ್ದರೂ, ವೈದ್ಯರಿಲ್ಲದಿದ್ದರೂ ಊರವರು ಬೈಯುವುದು ಮನೆಗೆ ಬಂದವಳನ್ನೇ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ತೀರಿಸಿದಂತಾಯಿತು.

ಸರ್ಕಾರ ಬಿಟ್ಟ ಜಾಗಕ್ಕೆ ವ್ಯಾಪಾರ ಬಂದು ಕೂತಿದೆ. ಪಟ್ಟಣಗಳಲ್ಲಿ ಹೋಂ ನರ್ಸುಗಳನ್ನು ಒದಗಿಸುವ ಏಜೆನ್ಸಿಗಳ ಫಲಕಗಳನ್ನು ಎಲ್ಲರೂ ನೋಡಿದ್ದಾರೆ. ನರ್ಸೆಂಬ ಹೆಸರಿನಲ್ಲಿ ಬರುವ ಅನೇಕ ಹುಡುಗಿಯರು ನರ್ಸಿಂಗ್ ಕಲಿತವರಲ್ಲ, ಹಳ್ಳಿಯ ಬಡತನ ಅಟ್ಟಿದವರು. ಅವರಿಗೆ ಹಗಲುರಾತ್ರಿ ಅದೇ ಮನೆ, ಅದೇ ಕೆಲಸ, ವಾರದ ರಜೆಯೆಂಬುದಿಲ್ಲ. ರೋಗಿಯ ಕಡೆಯವರು ಕೊಟ್ಟ ಹಣದಲ್ಲಿ ದಲ್ಲಾಳಿಯ ಪಾಲು ಕಳೆದು ಮಿಕ್ಕದ್ದು ಆಕೆಗೆ. ಒಂದೇ ತಕ್ಕಡಿಯಲ್ಲಿ ರೋಗಿಯನ್ನೂ ದುಡಿಯುವವಳನ್ನೂ ತೂಗಿ ಮಾರುವ ಈ ಪದ್ಧತಿ, ಕೊಳ್ಳುವ ಶಕ್ತಿಯಿಲ್ಲದ ಹಳ್ಳಿಗೆ ಕಾಲಿಡುವುದೂ ಇಲ್ಲ. ಅಲ್ಲಿ ಆರೈಕೆಯ ಭಾರವೆಲ್ಲ ಮನೆಯ ಸೊಸೆಯದು, ಮಗಳದು. ಆಕೆಯ ದಿನಗೂಲಿ ಹೋಗುತ್ತದೆ, ಹುಡುಗಿಯ ಶಾಲೆ ನಿಲ್ಲುತ್ತದೆ. ಯಾವ ಮುಂಗಡಪತ್ರದಲ್ಲೂ ಈ ನಷ್ಟಕ್ಕೆ ಕಾಲಮ್ಮಿಲ್ಲ.

ಆದ್ದರಿಂದ ನಮ್ಮ ಒತ್ತಾಯಗಳು ಇವು. ಒಂದು: ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮನೆ ಆರೈಕೆಗೆಂದೇ ತರಬೇತಾದ ನರ್ಸೊಬ್ಬರು, ಅವರಿಗೊಂದು ವಾಹನ, ತುಂಬಿದ ಔಷಧಿಯ ಚೀಲ ಇರಲೇಬೇಕು. ಎರಡು: ಆಶಾ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಒಪ್ಪಿ ತಿಂಗಳ ವೇತನ, ವಿಮೆ, ನಿವೃತ್ತಿಯ ಸೌಲಭ್ಯ ಕೊಡಬೇಕು. ಮೂರು: ಭೇಟಿಯ ಚೀಟಿ ರೋಗಿಯ ಮನೆಯಲ್ಲಿಯೇ ಇರಬೇಕು, ಯಾವ ದಿನ ಯಾರು ಬಂದರು, ಏನು ನೋಡಿದರು, ಏನು ಕೊಟ್ಟರು ಎಂಬುದನ್ನು ಅದರಲ್ಲಿ ಬರೆದು ಮನೆಯವರ ಸಹಿ ಪಡೆಯಬೇಕು. ನಾಲ್ಕು: ನೀರಿನ ಹಾಸಿಗೆ, ಗಾಲಿಕುರ್ಚಿಗಳನ್ನು ಆರೋಗ್ಯ ಕೇಂದ್ರವೇ ಎರವಲು ಕೊಡಬೇಕು, ಆರೈಕೆ ಮಾಡುವ ಮನೆಯವರಿಗೆ ತರಬೇತಿ ಕೊಡಬೇಕು. ಐದು: ರಾಜ್ಯವಿಮೆಯ ಹಣದಿಂದ ಕಾರ್ಮಿಕನ ಅವಲಂಬಿತ ತಂದೆತಾಯಿಗೆ ಅವರಿರುವ ಊರಿನಲ್ಲೇ ಮನೆ ಆರೈಕೆ ದೊರೆಯಬೇಕು. ಆರು: ಹೋಂ ನರ್ಸ್ ಏಜೆನ್ಸಿಗಳು ನೋಂದಣಿ, ತರಬೇತಿ, ಎಂಟು ಗಂಟೆಯ ದುಡಿಮೆ, ಕನಿಷ್ಠ ಕೂಲಿಗಳ ಕಟ್ಟಿಗೆ ಒಳಪಡಬೇಕು.

ಹಣವೆಲ್ಲಿಂದ ಬರಬೇಕೆಂದು ಮಂತ್ರಿ ಮಹಾಶಯರು ಕೇಳಬಹುದು. ಹುಣ್ಣಾಗದಂತೆ ನೋಡಿಕೊಳ್ಳುವ ನರ್ಸಿನ ಸಂಬಳ ದೊಡ್ಡದೋ, ಹುಣ್ಣು ಕೊಳೆತ ಮೇಲೆ ಖಾಸಗಿ ಆಸ್ಪತ್ರೆಗೆ ವಿಮೆಯಿಂದ ಕಟ್ಟುವ ಬಿಲ್ಲು ದೊಡ್ಡದೋ ಎಂದು ನಾವು ತಿರುಗಿ ಕೇಳುತ್ತೇವೆ. ಮನಸ್ಸಿದ್ದ ಕಡೆ ಹಣ ಹುಟ್ಟುತ್ತದೆ; ಮನಸ್ಸಿಲ್ಲದ ಕಡೆ ನೆಪ ಹುಟ್ಟುತ್ತದೆ.

ಆದರೆ ಅರ್ಜಿ ಬರೆದು ಕಾಯುತ್ತ ಕೂರುವುದು ನಮ್ಮ ದಾರಿಯಲ್ಲ. ಆರೋಗ್ಯ ಮತ್ತು ನೈರ್ಮಲ್ಯ ಪಂಚಾಯಿತಿಗೆ ಒಪ್ಪಿಸಬಹುದಾದ ವಿಷಯಗಳೆಂದು ಸಂವಿಧಾನದ ಹನ್ನೊಂದನೆಯ ಪರಿಶಿಷ್ಟದಲ್ಲೇ ಇದೆ. ಆರೋಗ್ಯ ಕೇಂದ್ರಕ್ಕೊಂದು ಆರೋಗ್ಯ ರಕ್ಷಾ ಸಮಿತಿ ಇದೆ, ಹಳ್ಳಿಗೊಂದು ಆರೋಗ್ಯ ಸಮಿತಿ ಇದೆ. ಅವುಗಳ ಸಭೆ ಯಾವಾಗ ಕೂಡಿತ್ತೆಂದು ಕೇಳಿದವರು ಎಷ್ಟು ಮಂದಿ? ಗಿರಣಿಯ ಬಂಧುಗಳು ಮುಂದಿನ ಬಾರಿ ಊರಿಗೆ ಹೋದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮೂರಿನಲ್ಲಿ ಹಾಸಿಗೆ ಹಿಡಿದವರೆಷ್ಟು, ಕಳೆದ ತಿಂಗಳು ಅವರ ಮನೆಗಳಿಗೆ ಎಷ್ಟು ಬಾರಿ ಯಾರು ಹೋದರು ಎಂದು, ರೋಗಿಗಳ ಹೆಸರನ್ನು ಬಯಲಿಗಿಡದೆ, ಲೆಕ್ಕ ಕೇಳಲಿ. ಕಾರ್ಮಿಕ ಸಂಘಗಳು ಬೋನಸ್ಸಿನ ಪಟ್ಟಿಯ ಪಕ್ಕದಲ್ಲಿ ಈ ಬೇಡಿಕೆಯನ್ನೂ ಬರೆಯಲಿ. ಆಶಾ ಕಾರ್ಯಕರ್ತೆಯರು ಬೀದಿಗಿಳಿದಾಗ ಅಂಗಡಿಕಾರ ಮಿತ್ರರು ಒಂದು ಗಂಟೆ ಬಾಗಿಲು ಹಾಕಿ ಜೊತೆಗೆ ನಿಲ್ಲಲಿ. ಆಕೆಯ ಕೂಲಿಯ ಹೋರಾಟ, ನಮ್ಮ ತಾಯ್ತಂದೆಯರ ಆರೈಕೆಯ ಹೋರಾಟ ಬೇರೆ ಬೇರೆಯಲ್ಲ. ಮನೆಗೆ ಬರುವವಳಿಗೆ ಹೊಟ್ಟೆ ತುಂಬ ಅನ್ನವಿದ್ದರೆ, ಕೈಯಲ್ಲಿ ವಿದ್ಯೆಯಿದ್ದರೆ, ಚೀಲದಲ್ಲಿ ಔಷಧಿಯಿದ್ದರೆ ಆರೋಗ್ಯ ತಾನಾಗಿ ಹೊಸ್ತಿಲು ದಾಟುತ್ತದೆ.